ಕಂಬಳಿ ಹೊದ್ದ ಆಲೂಗಡ್ಡೆಗಳು

ಬೆಳಕು ಹರಿಯುತ್ತಿದೆ. ಉಗ್ರಾಣದ ಬಾಗಿಲು ತೆರೆದ ಆಕೆ ರವಿಕೆಯ ತೋಳು ಮಡಚಿ, ಆಲೂಗಡ್ಡೆಯ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಕಣ್ಣು ಮುಚ್ಚುತ್ತಾರೆ. "ಸದ್ಯ, ತಣ್ಣಗಿದೆ," ಎನ್ನುತ್ತಾರೆ. ಎಲ್ಲರೂ ಇವರನ್ನು ಕರೆಯುವುದು ಗಡ್ಡೆಯಮ್ಮ ಎಂದು. ಬೇಸರವಿಲ್ಲವೇ ಎಂದು ಕೇಳುತ್ತೇನೆ. "ಅಯ್ಯೋ, ಮೊದಮೊದಲು ಸಿಟ್ಟು ಬರ್ತಿತ್ತು. ಈಗ ಸ್ವಂತ ಹೆಸರು ಹಿಡಿದು ಕೂಗಿದ್ರೆ ನಾನು ತಿರುಗೇ ನೋಡಲ್ಲ!"

ಇದು ಅಡುಗೆಯ ಗಡ್ಡೆಯಲ್ಲ, ಸುತ್ತಲಿನ ಬೆಳೆಗಾರರ ಬಿತ್ತನೆ ಗಡ್ಡೆ. ಚಳಿಗಾಲ ಮುಗಿಯುವವರೆಗೆ ಇದರ ಜೀವ ಕಾಯುವುದು ಇವರ ಕೆಲಸ. ಹೌದು, ಜೀವವೇ. ಮಣ್ಣಿನಿಂದ ಕಿತ್ತ ಮೇಲೂ ಗಡ್ಡೆಯ ಒಂದೊಂದು ಕೋಶವೂ ಉಸಿರಾಡುತ್ತದೆ. ಗಾಳಿಯ ಆಮ್ಲಜನಕ ಬಳಸಿ, ಕೂಡಿಟ್ಟ ಪಿಷ್ಟದಿಂದಾದ ಸಕ್ಕರೆಯನ್ನು ಒಡೆದು ಬದುಕಲು ಬೇಕಾದ ಶಕ್ತಿ ಪಡೆಯುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್, ತುಸು ನೀರು, ತುಸು ಶಾಖ ಹೊರಬೀಳುತ್ತವೆ. "ಅವೂ ಉಣ್ತವೆ, ಉಸಿರಾಡ್ತವೆ, ಬೆವರ್ತವೆ. ನಮ್ಮ ಹಾಗೆ ಗೊಣಗಲ್ಲ, ಅಷ್ಟೇ."

ಈ ಸಲ ಮಾತ್ರ ಗಡ್ಡೆಯಮ್ಮನ ಎದೆ ಝಲ್ಲೆಂದಿತ್ತು. ಆಗಷ್ಟೇ ಹುಟ್ಟಿದ ಮೊಮ್ಮಗಳನ್ನು ನೋಡಲು ಹೋಗಿದ್ದಾಗ, ಕಾವಲಿಗಿದ್ದ ಮೈದುನ ಗಡ್ಡೆಗಳಿಗೆ ಚಳಿಯಾದೀತೆಂದು ಕಿಂಡಿಗಳನ್ನೆಲ್ಲ ಮುಚ್ಚಿ, ರಾಶಿಗೆ ಕಂಬಳಿ ಹೊದಿಸಿ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನೂ ಬಿಗಿದಿದ್ದ! ಫೋನಿನಲ್ಲಿ ಅದನ್ನು ಹೆಮ್ಮೆಯಿಂದ ಹೇಳಿದ್ದೇ ತಡ, ಇವರು ಮಗುವನ್ನು ಮಗಳ ಕೈಗಿತ್ತು ಓಡಿಬಂದರು. ರಾಶಿ ಜ್ವರ ಬಂದವರ ಮೈಯಂತೆ ಬಿಸಿಯಾಗಿತ್ತು. ಗಾಳಿ ಸಾಲದಿದ್ದರೆ ಒಳಗಿನ ಕೋಶಗಳು ಸತ್ತು ಗಡ್ಡೆಯ ನಡುಭಾಗ ಕಪ್ಪಾಗುತ್ತದೆ, ಹೊರಗಿನಿಂದ ತಿಳಿಯುವುದೇ ಇಲ್ಲ. ಹಾಗಾಗಿದ್ದರೆ ಈ ವರ್ಷ ಯಾರ ಹೊಲಕ್ಕೂ ಬಿತ್ತನೆಯಿಲ್ಲ. ಕಿಂಡಿ ತೆರೆದು, ಫ್ಯಾನ್ ಹಾಕಿ ಕಾದದ್ದಾಯಿತು. ಕೊಯ್ದು ನೋಡುವ ದಿನ ಇಂದು.

"ಕಂಬಳಿ ಎಲ್ಲಿಂದ ತಂದೆಯೋ ಮಹರಾಯ?"

"ನಂದೇ, ಅತ್ತಿಗೆ. ನಾನು ನಡುಗ್ತಾ ಮಲಗಿದ್ದೆ," ಮೈದುನ ತಲೆ ತಗ್ಗಿಸುತ್ತಾನೆ. ಬೈಯಲು ಬಾಯಿ ತೆರೆದ ಗಡ್ಡೆಯಮ್ಮ ನಕ್ಕುಬಿಡುತ್ತಾರೆ.

ರಾಶಿಯ ನಡುವಿನಿಂದ ಒಂದು ಗಡ್ಡೆ ತೆಗೆದು ಚಾಕು ಇಡುತ್ತಾರೆ. ಫಲಿತಾಂಶಕ್ಕೆ ಕಾದು ಬಾಗಿಲಲ್ಲಿ ನಿಂತ ಬೆಳೆಗಾರರು ಕತ್ತು ಚಾಚುತ್ತಾರೆ. ಒಳಗೆ ಬೆಳ್ಳಗಿದೆ. ಇನ್ನೊಂದು, ಮತ್ತೊಂದು, ಬುಡದಲ್ಲಿದ್ದದ್ದು. ಎಲ್ಲವೂ ಬಿಳಿ! ಮೈದುನ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮುಖ ಒರೆಸಿಕೊಳ್ಳುತ್ತಾನೆ. ನನಗೂ ಹೋದ ಜೀವ ಬಂದಂತಾಗುತ್ತದೆ.

ಇನ್ನೇನು ಆಸೆ ಎಂದು ಕೇಳುತ್ತೇನೆ. "ಮೊಮ್ಮಗಳ ಮುಖವನ್ನ ಸರಿಯಾಗಿ ನೋಡೇ ಇಲ್ಲ. ಈಗಲೇ ಹೊರಟೆ."

ಉಗ್ರಾಣದ ಬೀಗದ ಕೈಯನ್ನು ಮೈದುನನ ಅಂಗೈಯಲ್ಲಿಡುತ್ತಾರೆ. ಅವನು ನಂಬಲಾರದೆ ನೋಡುತ್ತಾನೆ.

"ಕಿಂಡಿ ತೆರೆದೇ ಇರಲಿ," ಎನ್ನುತ್ತಾರೆ ಗಡ್ಡೆಯಮ್ಮ. "ಕಂಬಳಿ ನೀನು ಹೊದ್ಕೋ."