ತೇಜಸ್ವಿನಿಯ ಊರು ನೋಡಿ ಬಂದದ್ದು

ತೇಜಸ್ವಿನಿ ನನ್ನ ಅಕ್ಕನ ಮಗಳು. ಕೆಲಸ ಫಿಸಿಯೋಥೆರಪಿ, ಮಂದಿಯ ಮೊಣಕಾಲು, ಭುಜ ತಿರುವಿ ತಿರುವಿ ಸರಿ ಮಾಡುತ್ತಾಳೆ. ಹುಟ್ಟಿದ್ದು ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ. ಬೆಳೆದದ್ದು ಅರ್ಧ ಅಲ್ಲಿ, ಅರ್ಧ ನನ್ನ ಟ್ರಕ್ಕಿನಲ್ಲಿ.

ಟ್ರಕ್ ಅಂದರೆ ದಿನಸಿ ಟ್ರಕ್. ನಾನು ಗುರುಸಿದ್ದ, ಗದಗಿನವನು. ಏಳನೇ ಇಯತ್ತೆಗೆ ಸಾಲಿ ಬಿಟ್ಟೆ. ಅಕ್ಕ ಕರೆಸಿಕೊಂಡ ಮೇಲೆ ಷಿಕಾಗೋದ ಗೋಡೌನಿನಿಂದ ಡೆಟ್ರಾಯಿಟ್ ಕಡೆಯ ಅಂಗಡಿಗಳಿಗೆ ಅಕ್ಕಿ, ಬೇಳೆ, ಕರಿಬೇವು ಒಯ್ಯುತ್ತೇನೆ. ರಜೆ ಬಂದರೆ ಈ ಹುಡುಗಿ ನನ್ನ ಪಕ್ಕದ ಸೀಟಿನಲ್ಲಿ. ದಾರಿ ಮಿಶಿಗನ್ ಸರೋವರದ ಹತ್ತಿರ ಬಂದರೆ ಸಾಕು, "ಮಾಮಾ, ಸಮುದ್ರ!" ಎಂದು ಕೂಗುತ್ತಿದ್ದಳು. ಆಚೆ ದಡ ಕಾಣದ ನೀರು. ಉಪ್ಪಿಲ್ಲ ಅನ್ನುವುದೊಂದು ಬಿಟ್ಟರೆ ಸಮುದ್ರವೇ. ನಮ್ಮಿಬ್ಬರ ಬಾಯಲ್ಲಿ ಇವತ್ತಿಗೂ ಅದು ಸಮುದ್ರವೇ.

ಕಾಲೇಜಿನಲ್ಲಿದ್ದಾಗ ಒಮ್ಮೆ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ್ದೆ. ಚಕ್ಕುಲಿ ಮುರಿಯುತ್ತಾ ಹೇಳಿದಳು, "ಮಾಮಾ, ನಂಗೆ ಹುಡುಗರು ಬೇಡ. ನಂಗೆ ಹುಡುಗೀರು ಇಷ್ಟ."

"ಯಾರು ಏನಂದ್ರು? ಹೆಸರು ಹೇಳು."

"ಯಾರೂ ಏನೂ ಅಂದಿಲ್ಲ ಮಾಮಾ."

"ಅಂತಾರ. ಈ ಮಂದಿ ನನಗ ಗೊತ್ತೈತಿ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಮುಂದೆ ನಾನು ಹೇಳಿದ್ದೇ ಆಯಿತು. ಷಿಕಾಗೋ ಹತ್ತಿರದ ನೇಪರ್‌ವಿಲ್‌ನ ಇಳಾ ಎಂಬ ಹುಡುಗಿ ಇವಳಿಗೆ ಜೊತೆಯಾದಳು. ಇಳಾ ನಾಯಿ ಬೆಕ್ಕುಗಳ ಡಾಕ್ಟರು, ಮೈಸೂರಿನ ಶೇಷಾದ್ರಿಯವರ ಮಗಳು. ಇಬ್ಬರೂ ಬಾಡಿಗೆಗಿದ್ದ ಊರಿನಲ್ಲಿ ಯಾರೋ ಅವರ ಕಾರಿನ ಬಾಗಿಲ ಮೇಲೆ ಕೀಲಿಕೈಯಿಂದ ಗೀಚಿ ಹೊಲಸು ಮಾತು ಬರೆದರು. ಪೊಲೀಸರು ಬಂದರು, ನೋಡಿದರು, ಹೋದರು. ಹುಡುಗಿಯರು ಗಂಟುಮೂಟೆ ಕಟ್ಟಿ ನಮ್ಮ ಸಮುದ್ರದ ದಡದ ಒಂದು ಊರಿಗೆ ಹೋದರು. ಎರಡು ವರ್ಷ ಕಳೆದ ಮೇಲೆ, ಬರುವ ಜೂನಿನಲ್ಲಿ ಅಲ್ಲೇ, ದಂಡೆಯ ಮೇಲೆ ಮದುವೆ ಅಂದರು.

ಅಕ್ಕ "ನಾವು ಬರಂಗಿಲ್ಲ" ಅಂದಳು. ಭಾವ ದೇವೇಂದ್ರನೂ ತಲೆ ಅಲ್ಲಾಡಿಸಿದ. ಹುಡುಗಿ ಹುಡುಗಿಯ ಮದುವೆ ಅನ್ನುವ ಸಿಟ್ಟೆಲ್ಲಾ ಮುಗಿದು ವರ್ಷವಾಗಿತ್ತು. ಈಗ ಇದ್ದದ್ದು ಹೆದರಿಕೆ.

"ಕಾರಿಗೆ ಗೀಚಿದ್ದು ನೋಡೀನಿ," ಅಂದಳು ಅಕ್ಕ. "ಅಲ್ಲಿ ಮಂದಿ ಮುಂದ ಮಂಟಪ ಹಾಕಿದಾಗ ಯಾರರ ಕಲ್ಲು ಒಗದ್ರ? ನನ್ನ ಕಣ್ಣೀಲೆ ಅದನ್ನ ನೋಡ್ಲೇನು?"

ತೇಜಸ್ವಿನಿ ನನಗೆ ಫೋನ್ ಮಾಡಿ ಅತ್ತಳು. ಅಮ್ಮ ಬರದಿದ್ದರೆ ಮಂಟಪವೂ ಬೇಡ, ಏನೂ ಬೇಡ, ಕೋರ್ಟಿಗೆ ಹೋಗಿ ಸೈನ್ ಮಾಡಿ ಬರ್ತೀವಿ ಅಂದಳು. ಅವಳ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನು. ಅಕ್ಕನಿಗೆ ಹೇಳಿದೆ, "ನಾನು ಹೋಗಿ ಊರು ನೋಡಿ ಬರ್ತೀನಿ. ನಾನು ಹೂಂ ಅಂದ್ರ ಬರ್ತಿ?"

"ನೀ ಯಾರನ್ನೂ ನಂಬಂಗಿಲ್ಲ. ನೀ ಹೂಂ ಅಂದ್ರ ಬರ್ತೀನಿ."

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಮನೆ ನೋಡಿ ಬರುವುದುಂಟು. ಬೀಗರು ಉಪ್ಪಿಟ್ಟು, ಚಹಾ ಕೊಟ್ಟು ಹಲ್ಲು ಕಿಸಿಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ತಿಳಿಯಬೇಕಾದರೆ ಹೇಳದೆ ಕೇಳದೆ ಒಂದು ದಿನ ಮುಂಚೆ ಹೋಗಬೇಕು. ಕ್ಷೌರದ ಅಂಗಡಿ, ಹಿಟ್ಟಿನ ಗಿರಣಿ, ಚಹಾದಂಗಡಿಯಲ್ಲಿ ಕೂತು, ಆ ಮನೆಯವರು ಹೆಂಗ್ರಿ, ಎಷ್ಟೊತ್ತಿಗೆ ಮನೆಗೆ ಬರ್ತಾರ, ಯಾರ ಜೊತೆ ಓಡಾಡ್ತಾರ ಎಂದು ಮೆಲ್ಲಗೆ ಕೆದಕಬೇಕು. ನಮ್ಮಪ್ಪ ಅಕ್ಕನಿಗೆ ಗಂಡು ಗೊತ್ತು ಮಾಡಿದ್ದು ಹಾಗೇ. ನಾನೂ ಹಾಗೇ ಮಾಡಿದೆ. ಹೋದದ್ದು ಫೆಬ್ರವರಿಯಲ್ಲಿ. ಬೇಸಿಗೆಯಲ್ಲಿ ಸಮುದ್ರದ ಊರುಗಳಿಗೆ ಪ್ರವಾಸಿಗರು ಬರುತ್ತಾರೆ, ಎಲ್ಲರೂ ನಗುತ್ತಾರೆ. ಚಳಿಗಾಲದಲ್ಲಿ ಊರಿನವರಷ್ಟೇ ಉಳಿದಾಗ ಅವರ ಮುಖ ನೋಡಬೇಕು.

ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ದಂಡೆಯ ನೀರು ಹೆಪ್ಪುಗಟ್ಟಿ ಗುಡ್ಡೆ ಗುಡ್ಡೆಯಾಗಿತ್ತು. ಮುಖ್ಯ ಬೀದಿಯ ಅಂಗಡಿಗಳಿಗೆ ಕಾಮನಬಿಲ್ಲಿನ ಬಣ್ಣದ ಬಾವುಟ, ಇಂಥ ಜೋಡಿಗಳಿಗೂ ಇಲ್ಲಿ ಜಾಗ ಉಂಟು ಅಂತ. ನನಗೆ ಅನುಮಾನ ಜಾಸ್ತಿಯಾಯಿತು. ಗಿರಾಕಿ ಬರುತ್ತಾರೆ ಅಂದರೆ ಅಂಗಡಿಯವನು ಯಾವ ಬಾವುಟ ಬೇಕಾದರೂ ಕಟ್ಟುತ್ತಾನೆ. ನಾನು ಅಂಗಡಿಗಳಿಗೆ ಮಾಲು ಹಾಕುವವನು, ನನಗೆ ಗೊತ್ತಿಲ್ಲವೇ?

ಮೊದಲು ಕ್ಷೌರದ ಅಂಗಡಿ. ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ, "ಈ ಊರಲ್ಲಿ ಇಬ್ಬರು ಇಂಡಿಯನ್ ಹುಡುಗಿಯರು ಇದ್ದಾರಲ್ಲ, ಹೇಗೆ? ಒಳ್ಳೆಯವರಾ? ಸಂಜೆ ಎಷ್ಟು ಹೊತ್ತಿಗೆ ಮನೆಗೆ ಬರ್ತಾರೆ?"

ಕ್ಷೌರದವನ ಮಷೀನು ನನ್ನ ಕಿವಿಯ ಹತ್ತಿರ ನಿಂತಿತು. "ನನಗೆ ಗೊತ್ತಿಲ್ಲ," ಅಂದ. ಆಮೇಲೆ ಬಾಯಿ ತೆರೆಯಲಿಲ್ಲ. ಕಟಿಂಗ್ ಕೂಡ ಅರ್ಧಂಬರ್ಧ.

ಬೇಕರಿಯಲ್ಲಿ ಕೇಳಿದೆ. ಕೌಂಟರಿನ ಹುಡುಗಿ ನನ್ನ ಮೀಸೆ ನೋಡಿದಳು, ಹೊರಗೆ ನಿಂತ ನನ್ನ ಟ್ರಕ್ ನೋಡಿದಳು. "ಅಂಥವರು ಯಾರೂ ಇಲ್ಲಿಲ್ಲ."

ಹಾರ್ಡ್‌ವೇರ್ ಅಂಗಡಿಯಲ್ಲಿ ಗ್ರೇಟಾ ಎಂಬ ಮುದುಕಿ. ಅಂಗಡಿಯ ಹೆಸರಿನಲ್ಲೇ ಅವಳ ಹೆಸರಿತ್ತು. ಎತ್ತರ ನನಗಿಂತ ಒಂದು ಗೇಣು ಜಾಸ್ತಿ. "ಇಲ್ಲ. ಮತ್ತೇನು ಬೇಕು? ಏನೂ ಬೇಡದಿದ್ದರೆ ಬಾಗಿಲು ಮುಚ್ಚಿಕೊಂಡು ಹೋಗು, ಚಳಿ ಒಳಗೆ ಬರ್ತದೆ."

ನನ್ನ ಪಿತ್ತ ನೆತ್ತಿಗೇರಿತು. ಹುಡುಗಿಯರು ಈ ಊರಿಗೆ ಬಂದು ಎರಡು ವರ್ಷ! ಒಬ್ಬನಿಗೂ ನನ್ನ ಹುಡುಗಿಯ ಗುರುತಿಲ್ಲ. ಬಾವುಟ ಮಾತ್ರ ಬೀದಿ ತುಂಬ. ಟ್ರಕ್ಕಿನಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿದೆ. "ಬ್ಯಾಡ ಅಕ್ಕಾ. ಇಲ್ಲಿ ಇವರನ್ನ ಯಾರೂ ಮನುಷ್ಯರ ಲೆಕ್ಕಕ್ಕೇ ಇಟ್ಟಿಲ್ಲ."

ಆ ಕಡೆ ಅಕ್ಕ ಮೂಗು ಎಳೆದುಕೊಂಡದ್ದು ಕೇಳಿಸಿತು.

ಗಾಡಿ ಚಾಲೂ ಮಾಡಿ ತಲೆ ಎತ್ತಿದರೆ ಮುಂದೆ ಗ್ರೇಟಾ ನಿಂತಿದ್ದಾಳೆ. ಒಂದು ಕೈಯಲ್ಲಿ ಹಿಮ ಎತ್ತುವ ಸಲಿಕೆ, ಇನ್ನೊಂದರಲ್ಲಿ ಫೋನು. ನನ್ನ ನಂಬರ್ ಪ್ಲೇಟಿನ ಫೋಟೋ ಹೊಡೆಯುತ್ತಿದ್ದಾಳೆ. ಹಿಂದೆ ಬೇಕರಿ ಹುಡುಗಿ, ಕ್ಷೌರದವನು.

ಇಳಿದೆ. "ಏಯ್ ಮುದುಕಿ, ಸರಿ ಪಕ್ಕಕ್ಕೆ!" ಸಿಟ್ಟು ಬಂದರೆ ನನಗೆ ಇಂಗ್ಲಿಷ್ ಬರುವುದಿಲ್ಲ.

ಅವಳು ಹಿಂದೆ ಸರಿಯಲಿಲ್ಲ. ಫೋನಿಗೆ ಹೇಳಿದಳು, "ಬಿಳಿ ಟ್ರಕ್ಕು, ದಪ್ಪ ಮೀಸೆ. ನೀವು ಎಷ್ಟು ಹೊತ್ತಿಗೆ ಮನೆಗೆ ಬರ್ತೀರಿ ಅಂತ ಊರೆಲ್ಲಾ ಕೇಳ್ತಿದ್ದಾನೆ. ಇಬ್ಬರೂ ನಿಮ್ಮ ನಿಮ್ಮ ಕ್ಲಿನಿಕ್ಕಿನಲ್ಲೇ ಇರಿ, ಹೊರಗೆ ಬರಬೇಡಿ. ನಾನು ಪೊಲೀಸರಿಗೆ ಹೇಳ್ತೀನಿ."

ಫೋನಿನ ಒಳಗಿಂದ ಒಂದು ದನಿ, "ಗ್ರೇಟಾ, ವೇಟ್. ಟ್ರಕ್ ಮೇಲೆ ಅಕ್ಕಿ ಮೂಟೆ ಚಿತ್ರ ಇದೆಯಾ?"

"ಇದೆ."

"ಮಾಮಾ?!"

"ಹೂಂ," ಅಂದೆ.

"ಓ ಮೈ ಗಾಡ್, ಮಾಮಾ! ನನ್ನ ಬಗ್ಗೆ ಬಾರ್ಬರ್ ಹತ್ರ ವಿಚಾರಿಸಿದ್ಯಾ? ನಾನೇನು ಗದಗಿನ ಮದುವೆ ಗಂಡಾ?"

ಗ್ರೇಟಾ ಸಲಿಕೆ ಕೆಳಗಿಳಿಸಲಿಲ್ಲ. "ನಿನ್ನ ಅಂಕಲ್ಲಾ? ಖಾತ್ರಿಯಾ? ಅವನ ಬಾಯಲ್ಲಿ ನಿನ್ನ ನಾಯಿಯ ಹೆಸರು ಹೇಳಿಸು."

ಹೇಳಿದೆ. ಪುಟಾಣಿ. ಆಗ ಇಳಿಸಿದಳು. ಬೇಕರಿ ಹುಡುಗಿ ಉಸಿರು ಬಿಟ್ಟು ನನಗೆ ಒಂದು ಬನ್ ಕೊಟ್ಟಳು. ಕ್ಷೌರದವನು ಉಳಿದ ಅರ್ಧ ತಲೆ ಮಾಡ್ತೀನಿ ಬಾ ಅಂದ. ಅವನ ಭುಜ ಸರಿ ಮಾಡಿದವಳು ತೇಜಸ್ವಿನಿಯಂತೆ. ಗುರುತಿಲ್ಲ ಅಂದವನು ಅವನೇ.

ಆ ಸಂಜೆ ಅವರ ಮನೆಯಲ್ಲಿ ಇಳಾ ಬಿಸಿಬೇಳೆಭಾತ್ ಬಡಿಸುತ್ತಾ, "ಇನ್ನೂ ಡೌಟ್ ಇದ್ಯಾ ಮಾಮಾ?" ಅಂದಳು.

"ಐತಿ. ನಿಮಗ ಇಲ್ಲಿ ಯಾರ ಜೊತಿಗಾದರೂ ಜಗಳ ಆಗೇತೇನು?"

ತೇಜಸ್ವಿನಿ ಹೇಳಿದಳು, "ಪಕ್ಕದ ಮನೆಯವನ ಜೊತೆ, ಪುಟಾಣಿ ಬೊಗಳ್ತಾಳೆ ಅಂತ. ದೊಡ್ಡದಾಗೇ ಆಯ್ತು."

"ಏನೇನು ಬೈದ?"

"ನಾಯಿ ಬೊಗಳ್ತದೆ, ನಿದ್ದೆ ಬರಲ್ಲ, ಮ್ಯಾನರ್ಸ್ ಇಲ್ಲ ಅಂತ."

"ಅಷ್ಟ? ಬ್ಯಾರೆ ಏನೂ ಅಂದಿಲ್ಲ?"

"ಅಷ್ಟೇ ಮಾಮಾ. ನಾಯಿ ಬಗ್ಗೆ ಮಾತ್ರ."

ಸಿಟ್ಟಿನಲ್ಲಿ ಮನುಷ್ಯನ ಹೊಟ್ಟೆಯೊಳಗಿನದೆಲ್ಲಾ ಹೊರಗೆ ಬೀಳುತ್ತದೆ. ಇದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಸಿಟ್ಟಿನಲ್ಲೂ ಅವನ ಬಾಯಿಂದ ಬಿದ್ದದ್ದು ನಾಯಿ ಒಂದೇ. ಎರಡನೇ ಸಲ ಭಾತ್ ಹಾಕಿಸಿಕೊಂಡು ಅಕ್ಕನಿಗೆ ಫೋನ್ ಮಾಡಿದೆ.

"ಬರ್ರಿ."

"ಮಧ್ಯಾಹ್ನ ಬ್ಯಾಡ ಅಂದಿ?"

"ಇಲ್ಲಿ ಒಬ್ಬಾಕಿ ಮುದುಕಿ ನನ್ನ ಪೊಲೀಸರಿಗೆ ಹಿಡಿದು ಕೊಡಾಕ ಹೊಂಟಿದ್ದಳು."

"ಅಯ್ಯ! ಮತ್ತ?"

"ಮತ್ತೇನು? ಸೀರಿ ತಗೋ."

ಜೂನಿನಲ್ಲಿ ದಂಡೆಯ ಮೇಲೆ ಮಂಟಪ ಎದ್ದಿತು. ಅಕ್ಕ, ಭಾವ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ತೇಜಸ್ವಿನಿಯ ಕೈ ಹಿಡಿದು ಮರಳಿನ ಮೇಲೆ ನಡೆಸಿಕೊಂಡು ಬರುತ್ತಿದ್ದೆ. ಗ್ರೇಟಾ ಕುರ್ಚಿಯಲ್ಲಿ ಕೂರದೆ, ರಸ್ತೆಯಿಂದ ಇಳಿದು ಬರುವ ದಾರಿಯ ಬಾಯಲ್ಲಿ ಕೈಕಟ್ಟಿ ನಿಂತು, ಬರುವವರ ಮುಖ ಒಂದೊಂದಾಗಿ ನೋಡುತ್ತಿದ್ದಳು. ನಾನು ದಾಟುವಾಗ ನನ್ನನ್ನೂ ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ನಾನೂ ನೋಡಿದೆ.

ಅಕ್ಷತೆ ಬಿದ್ದ ಮೇಲೆ ನಾನೂ ಹೋಗಿ ದಾರಿಯ ಇನ್ನೊಂದು ಬದಿಯಲ್ಲಿ ನಿಂತೆ.