ಗಾಳಿ ನಿಂತ ಮಧ್ಯಾಹ್ನದ ‘ತಾಳಿ’

ವಿಮಾನ ಸಂಚಾರ ನಿಯಂತ್ರಣದ ವೃತ್ತಿಯಲ್ಲಿ ವಿಮಾನಗಳನ್ನು ಹಾರಿಸಿ ಹೆಸರಾದವರು ಹಲವರು. ತಡೆದು ಹೆಸರಾದವರು ಈಗ ನಿವೃತ್ತರಾಗುತ್ತಿರುವ ಈ ಹಿರಿಯ ನಿಯಂತ್ರಕಿ ಒಬ್ಬರೇ. ಪೈಲಟ್‌ಗಳ ಬಾಯಲ್ಲಿ ಅವರು ‘ತಾಳಿ ಅಕ್ಕ’. ಭಾರೀ ವಿಮಾನ ನೆಲ ಬಿಟ್ಟಾಗ ಅದರ ರೆಕ್ಕೆಗಳ ತುದಿಯಿಂದ ಹುಟ್ಟುವ ಸುಳಿಗಾಳಿ ಕಣ್ಣಿಗೆ ಕಾಣದಂತೆ ರನ್‌ವೇ ಮೇಲೆ ಉಳಿಯುತ್ತದೆ. ಬೆನ್ನಿಗೇ ಏರುವ ಸಣ್ಣ ವಿಮಾನವನ್ನು ಅಂಗೈ ಮಗುಚಿದಷ್ಟು ಸುಲಭವಾಗಿ ಮಗುಚಬಲ್ಲದು. ಅದಕ್ಕೇ ನಡುವೆ ಕೆಲವು ನಿಮಿಷಗಳ ಅಂತರ. “ಆನೆ ಹೋದ್ರೂ ಬಾಲ ಇಲ್ಲೇ ಇರತ್ತೆ ಕಣ್ರಪ್ಪಾ, ತುಳೀಬೇಡಿ,” ಎಂಬುದು ನಿಯಂತ್ರಣ ಗೋಪುರಕ್ಕೆ ಹೊಸದಾಗಿ ಬಂದವರಿಗೆ ಅವರ ಮೊದಲ ಪಾಠ.

ಸೇವೆಯ ಆರಂಭದ ವರ್ಷಗಳಲ್ಲೇ ಆ ಪಾಠ ಅವರನ್ನು ಪರೀಕ್ಷಿಸಿತು. ಎಲೆ ಅಲುಗದ ಮಧ್ಯಾಹ್ನ. ದೊಡ್ಡ ಸರಕು ವಿಮಾನ ಆಗಷ್ಟೇ ಏರಿತ್ತು. ಅದರ ಹಿಂದೆ, ಹೃದಯಾಘಾತವಾದ ವೃದ್ಧರೊಬ್ಬರನ್ನು ಹೊತ್ತ ಪುಟ್ಟ ವಿಮಾನ.

“ಅಕ್ಕ, ಗಾಳಿ ನಿಂತೇ ಹೋಗಿದೆ. ಬಿಟ್ಬಿಡಿ,” ಎಂದ ತರುಣ ಪೈಲಟ್.

“ನಿಂತಿರೋದಕ್ಕೇ ತಡೀತಿರೋದು. ಬೀಸ್ತಿದ್ರೆ ಸುಳೀನ ಗುಡಿಸ್ಕೊಂಡು ಹೋಗ್ತಿತ್ತು. ತಾಳಿ.”

“ಹಿಂದೆ ಮಲಗಿರೋರಿಗೆ ಹೇಳಿ ಅದನ್ನ.”

ಅವರು ಮೇಜಿನ ಅಂಚು ಹಿಡಿದು ಗಡಿಯಾರ ನೋಡುತ್ತಲೇ ಇದ್ದರು. ಅವಧಿ ಮುಗಿದ ಮೇಲೆಯೇ ಬಿಟ್ಟರು.

ರೋಗಿ ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಆ ನಿಮಿಷಗಳು ಸಿಕ್ಕಿದ್ದರೆ ಜೀವ ಉಳಿಯುತ್ತಿತ್ತೇ ಎಂದರೆ ವೈದ್ಯರ ಬಳಿಯೂ ಉತ್ತರವಿರಲಿಲ್ಲ. “ನಿಯಮ ಪಾಲಿಸಿದ್ದೀರಿ, ಮರೆತ್ಬಿಡಿ,” ಎಂದ ಮೇಲಧಿಕಾರಿಗೆ ಅವರು ಹೇಳಿದ್ದಿಷ್ಟೆ: “ನಿಯಮಕ್ಕೇನು ಸಾರ್, ಅದಕ್ಕೆ ನಿದ್ದೆ ಬರತ್ತೆ.”

ಮರುದಿನ ಅದೇ ಕುರ್ಚಿ, ಅದೇ ದನಿ, ಅದೇ ‘ತಾಳಿ’. ಅಂತರವನ್ನು ಅವರು ಒಂದು ಚೂರೂ ಸಡಿಲಿಸಲಿಲ್ಲ, ಸರದಿಯನ್ನು ಬದಲಿಸಿದರು. ರೋಗಿ ಹೊರಡುವ ಮುನ್ನವೇ ಆಸ್ಪತ್ರೆಯಿಂದ ಗೋಪುರಕ್ಕೆ ಕರೆ ಬರುವಂತೆ ಏರ್ಪಾಡು ಮಾಡಿ, ಪುಟ್ಟ ವಿಮಾನವನ್ನು ಮುಂದೆ ಬಿಟ್ಟು ದೊಡ್ಡದನ್ನು ನಿಲ್ಲಿಸತೊಡಗಿದರು. “ಇಲಿ ಬಾಲಕ್ಕೆ ಆನೆ ಯಾಕೆ ಹೆದರ್ಬೇಕು?” ಎನ್ನುತ್ತಿದ್ದರು. ಆ ಪದ್ಧತಿ ಇಂದಿಗೂ ಇದೆ.

ಕಳೆದ ವಾರ, ಅವರ ಕೊನೆಯ ಪಾಳಿಯಲ್ಲಿ, ಭಾರೀ ವಿಮಾನವೊಂದು ಹಾರಲು ಸಜ್ಜಾಗಿತ್ತು. ಅದರ ಕ್ಯಾಪ್ಟನ್ ಅಂದಿನ ಆ ತರುಣ ಪೈಲಟ್ಟೇ, ಕೂದಲು ನರೆತಿತ್ತು. ಅವರು ಬಾಯಿ ತೆರೆಯುವ ಮೊದಲೇ ಅವರ ಕಿವಿಗೆ ಅವನ ದನಿ ಬಿತ್ತು: “ಅಕ್ಕ, ಹಿಂದೆ ಆಂಬುಲೆನ್ಸ್ ವಿಮಾನ ಬರ್ತಿದೆ. ಅದು ಮೊದ್ಲು ಹೋಗ್ಲಿ. ನಾನು ತಾಳ್ತೀನಿ.”

ಮೈಕು ಕೈಯಲ್ಲೇ ಇತ್ತು. ಅವರು ಪುಟ್ಟ ವಿಮಾನಕ್ಕೆ ಹಾರಲು ಅನುಮತಿ ಕೊಟ್ಟರು.

ತಾಳಿದವರು ಬಾಳಿಯಾರು ಎನ್ನುತ್ತಾರೆ. ಇಷ್ಟು ಕಾಲ ಇಷ್ಟು ಜನರನ್ನು ತಾಳಿಸಿದವರ ಬಾಳೂ ದೀರ್ಘವಾಗಲಿ. ತರಬೇತಿ ಕೊಠಡಿಯಲ್ಲಿ ಅವರ ಬಾಲದ ಪಾಠ ಇನ್ನೂ ಬಹುಕಾಲ ಕೇಳಿಸುತ್ತಿರಲಿ.