ಮುನಿಯಪ್ಪನವರ ಚಟ್ಟ ಮತ್ತು ಸೈಕಲ್ ರೇಸು

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಮನೆ ಮಾಲೀಕರಾದ ಮುನಿಯಪ್ಪನವರ ಚಟ್ಟಕ್ಕೆ ಹೆಗಲು ಕೊಟ್ಟು ಜಯನಗರದ ಹೊಸ ಡಾಂಬರು ರಸ್ತೆಗೆ ಬಂದರೆ, ಒಬ್ಬ ಕೆಂಪು ಬಾವುಟ ಅಡ್ಡ ಹಿಡಿದ. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸೈಕಲ್ ರೇಸು. ದುಡ್ಡಿಗೆ ಓಡಿಸುವ ಹೊರಗಿನ ಸವಾರರೆಲ್ಲ ಬಂದಿದ್ದರು.

"ರೇಸ್ ಹೋಗೋವರೆಗೂ ಯಾರೂ ದಾಟಂಗಿಲ್ಲ" ಎಂದ.

ಮುನಿಯಪ್ಪನವರ ಮಗ ನಂಜುಂಡ ಬೆಂಕಿಯ ಮಡಕೆ ಹಿಡಿದು ಮುಂದೆ ನಿಂತಿದ್ದ. "ಬಿಟ್ಬಿಡಿ ಸಾರ್, ಕೆಂಡ ಆರೋಗ್ತದೆ. ಈ ರಸ್ತೆ ನಮ್ಮಪ್ಪ ಉಳ್ತಿದ್ದ ರಾಗಿ ಹೊಲ ಸಾರ್."

"ಈಗ ರಸ್ತೆ ತಾನೇ? ಹೋದವ್ರಿಗೆ ಏನಪ್ಪ ಅರ್ಜೆಂಟು?"

ನಂಜುಂಡ ಮಡಕೆಗೆ ಮುಖ ತಗ್ಗಿಸಿ ಊದತೊಡಗಿದ. ಬೂದಿ ಹಾರಿ ಹುಬ್ಬಿಗೆಲ್ಲ ಮೆತ್ತಿಕೊಂಡಿತು. ನಮ್ಮ ಹೆಗಲು ಸೋತಿತ್ತು. ಕೊನೆಗೆ ಸವಾರರು ತಲೆ ಬಗ್ಗಿಸಿಕೊಂಡು ಸುಯ್ಯನೆ ಹಾದುಹೋದರು. ಬಾವುಟ ಇಳಿಯಿತು.

ನಾವು ರಸ್ತೆಗಿಳಿದದ್ದೇ ತಡ, ತಿರುವಿನಾಚೆ ನಿಂತಿದ್ದ ಜನ ನಮ್ಮ ಸದ್ದು ಕೇಳಿ, ಹಿಂದುಳಿದ ಸವಾರರು ಬಂದರೆಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಚಟ್ಟ ಕಂಡ ಮೇಲೆ ಒಬ್ಬೊಬ್ಬರಾಗಿ ಕೈ ಇಳಿಸಿದರು.

ಬದುಕಿದ್ದಾಗ ಮುನಿಯಪ್ಪನವರಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿರಲಿಲ್ಲ. ಇವತ್ತು ಬಿದ್ದದ್ದೂ ಬೇರೆಯವರದ್ದೇ.